ಕೋಶಭಿತ್ತಿ: ಒಳಗಿನ ಒತ್ತಡಕ್ಕೆ ಕಟ್ಟಿದ ಗೋಡೆ

ಪುಣೆ ಪಕ್ಕದ ಪಿಂಪ್ರಿಯ ನಮ್ಮ ಮನೆಯಲ್ಲಿ ಒಂದು ಸಂಜೆ ತಮ್ಮನ ಮಗಳು ಮರಾಠಿ ವಿಜ್ಞಾನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ‘ಪೇಶಿಭಿತ್ತಿಕಾ’ ಎಂಬ ಪದ ಬಂದದ್ದೇ ತಡ, ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮ ಅವ್ವ, ‘ಪೇಶಿ ಎಂದರೆ ಮಾಂಸವಲ್ಲವೇನೇ, ಅದಕ್ಕೆಲ್ಲಿಯ ಭಿತ್ತಿ?’ ಎಂದಳು. ಧಾರವಾಡದಲ್ಲಿ ಓದಿದವಳಿಗೆ ಪೇಶಿ ಎಂದರೆ ಮಾಂಸಪೇಶಿಯೇ. ಮರಾಠಿಯಲ್ಲಿ ಪೇಶಿ ಎಂದರೆ ಜೀವಕೋಶ. ಕನ್ನಡ ಪಠ್ಯಗಳಲ್ಲಿ ಪೇಶಿಭಿತ್ತಿಕೆಯ ಹೆಸರು ಕೋಶಭಿತ್ತಿ.

ಕೋಶ ಎಂದರೆ ಬೊಕ್ಕಸ, ಒರೆ, ಚೀಲ. ಭಿತ್ತಿ ಎಂದರೆ ಗೋಡೆ, ಭಿತ್ತಿಚಿತ್ರದಲ್ಲಿರುವುದೂ ಅದೇ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪುಟ್ಟ ಪುಟ್ಟ ಕೋಣೆಗಳನ್ನು ಕಂಡಾಗ, ಅಲ್ಲಿ ಜೀವ ಎಂದೋ ಹೋಗಿತ್ತು. ಅವನು ನೋಡಿ ಹೆಸರಿಟ್ಟದ್ದು ಬರಿಯ ಗೋಡೆಗಳನ್ನು.

ಪದ ಸರಳವೇ. ತೊಡಕಿರುವುದು ಗೋಡೆ ಎಂದೊಡನೆ ಕಣ್ಣಿಗೆ ಕಟ್ಟುವ ಚಿತ್ರದಲ್ಲಿ. ಕಳ್ಳಕಾಕರನ್ನು ಹೊರಗಿಡಲು ಗೋಡೆ ಎಂದುಕೊಳ್ಳುತ್ತೇವೆ, ಪರೀಕ್ಷೆಯಲ್ಲಿ ‘ಕೋಶಕ್ಕೆ ರಕ್ಷಣೆ ನೀಡುತ್ತದೆ’ ಎಂದು ಬರೆದು ಅಂಕ ಪಡೆಯುತ್ತೇವೆ. ಸುಳ್ಳೇನಲ್ಲ, ಆದರೆ ಅರ್ಧ ಮಾತು. ಸಸ್ಯದ ಕೋಶಭಿತ್ತಿಯಲ್ಲಿ ನೀರು, ಲವಣ, ಸಕ್ಕರೆ ಸಲೀಸಾಗಿ ನುಸುಳುತ್ತವೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡುವುದು ಅದರ ಒಳಮೈಗೆ ಒತ್ತಿಕೊಂಡಿರುವ ಕೋಶಪೊರೆ. ಭಿತ್ತಿಯ ನಿಜವಾದ ಹೋರಾಟ ಒಳಗಿನಿಂದ ನೂಕುವ ನೀರಿನ ಜೊತೆಗೆ.

ಹುಡುಗಿಗೆ ಅವಳ ಸೈಕಲ್ಲಿನ ಚಕ್ರವನ್ನೇ ತೋರಿಸಿದೆ. ಗಾಳಿ ಹಿಡಿದಿಡುವುದು ಟ್ಯೂಬ್. ಟೈರ್ ತೆಗೆದು ಬರಿಯ ಟ್ಯೂಬಿಗೆ ಪಂಪ್ ಹೊಡೆಯುತ್ತಾ ಹೋದರೆ ಅದು ಒಂದು ಕಡೆ ಉಬ್ಬಿ ಒಡೆಯುತ್ತದೆ. ಪೊರೆ ಟ್ಯೂಬ್, ಭಿತ್ತಿ ಟೈರ್. ಗಾಳಿಯ ಜಾಗದಲ್ಲಿ ನೀರು. ಸಸ್ಯಕೋಶದೊಳಗಿನ ಒತ್ತಡ ಎಷ್ಟೋ ವೇಳೆ ಕಾರಿನ ಟೈರಿನ ಒತ್ತಡವನ್ನೂ ಮೀರುತ್ತದೆ.

ಆ ನೀರಿನ ಬಹುಪಾಲು ಇರುವುದು ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ, ಅಂದರೆ ರಸದಾನಿಯಲ್ಲಿ. ಬಲಿತ ಸಸ್ಯಕೋಶದಲ್ಲಿ ಇದೊಂದೇ ಶೇಕಡಾ 90ರವರೆಗೂ ಜಾಗ ಹಿಡಿಯುತ್ತದೆ. ವಂಶದ ಲೆಕ್ಕ ಇಟ್ಟುಕೊಂಡ ಕೋಶಕೇಂದ್ರ, ಬಿಸಿಲಿನಿಂದ ಸಕ್ಕರೆ ಮಾಡುವ ಕ್ಲೋರೋಪ್ಲಾಸ್ಟ್, ಆ ಸಕ್ಕರೆಯಿಂದ ಶಕ್ತಿ ತೆಗೆಯುವ ಮೈಟೋಕಾಂಡ್ರಿಯ ಎಲ್ಲವೂ ಅಂಚಿಗೆ ಒತ್ತರಿಸಿಕೊಂಡಿರುತ್ತವೆ. ಮರಾಠಿ ಪುಸ್ತಕ ರಸದಾನಿಯನ್ನು ‘ರಿಕ್ತಿಕಾ’ ಎನ್ನುತ್ತದೆ, ರಿಕ್ತ ಎಂದರೆ ಖಾಲಿ. ಇಂಗ್ಲಿಷಿನ ವ್ಯಾಕ್ಯುಓಲ್‌ನ ಮೂಲದಲ್ಲಿಯೂ ‘ಖಾಲಿ’ ಎಂಬ ಅರ್ಥವೇ. ತುಂಬಿ ತುಳುಕುವುದಕ್ಕೆ ಖಾಲಿ ಎನ್ನುವುದೇ! ಹೂದಾನಿಯ ಹಾಗೆ ರಸದಾನಿ ಎಂದ ಕನ್ನಡಿಗನ ಕಿವಿಯೂ ಚುರುಕು, ಕಣ್ಣೂ ಚುರುಕು.

ಇದನ್ನು ನೋಡಲು ಸೂಕ್ಷ್ಮದರ್ಶಕವೂ ಬೇಡ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಬಟ್ಟಲ ತಳದಲ್ಲಿ ನೀರು ನಿಲ್ಲುತ್ತದೆ, ಹೋಳು ಬಳುಕತೊಡಗುತ್ತದೆ. ಉಪ್ಪು ಕೋಶದೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ, ರಸದಾನಿ ಕುಗ್ಗುತ್ತದೆ, ಪೊರೆ ಭಿತ್ತಿಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ಭಿತ್ತಿ ಇದ್ದಲ್ಲೇ ಇದೆ. ಆದರೆ ಗಾಳಿ ಹೋದ ಚಕ್ರ ನಿಲ್ಲುವುದುಂಟೇ? ಮಂಡಿಯಿಂದ ತಂದ ಬಾಡಿದ ಕೊತ್ತಂಬರಿ ನೀರಿನ ಲೋಟದಲ್ಲಿ ಮತ್ತೆ ತಲೆ ಎತ್ತುವುದು ಇದೇ ಆಟದ ಇನ್ನೊಂದು ಮಗ್ಗುಲು.

ಬ್ಯಾಕ್ಟೀರಿಯಾದ ಸಂಸಾರ ಚಿಕ್ಕದು. ಕೋಶಕೇಂದ್ರವಿಲ್ಲ, ಡಿಎನ್‌ಎ ಕೋಶದ್ರವ್ಯದಲ್ಲಿಯೇ ಮಡಿಸಿಕೊಂಡು ಬಿದ್ದಿರುತ್ತದೆ. ಕ್ಲೋರೋಪ್ಲಾಸ್ಟ್ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ, ಆ ಕೆಲಸವನ್ನು ಪೊರೆಯೇ ನೋಡಿಕೊಳ್ಳುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳುಂಟು, ತುಸು ಚಿಕ್ಕವು. ಭಿತ್ತಿ ಮಾತ್ರ ಬಹುತೇಕ ಎಲ್ಲವಕ್ಕೂ ಇದೆ. ಆದರೆ ಸಸ್ಯದ್ದು ಸೆಲ್ಯುಲೋಸ್ ನಾರಿನಿಂದ ಆದದ್ದು, ನಮ್ಮ ಹತ್ತಿಬಟ್ಟೆಯ ಸರಕೇ ಅದು. ಬ್ಯಾಕ್ಟೀರಿಯಾದ್ದು ಸಕ್ಕರೆಯ ಎಳೆಗಳನ್ನು ಪ್ರೋಟೀನಿನ ಚಿಕ್ಕ ತುಣುಕುಗಳಿಂದ ಅಡ್ಡಡ್ಡ ಹೊಲಿದ ಬಲೆ, ಪೆಪ್ಟಿಡೋಗ್ಲೈಕಾನ್. ಪ್ರಯೋಗಾಲಯದ ವರದಿಯಲ್ಲಿ ‘ಗ್ರಾಂ ಪಾಸಿಟಿವ್’ ಎಂದಿದ್ದರೆ ಈ ಬಲೆ ದಪ್ಪಗಿದ್ದು ನೇರಳೆ ಬಣ್ಣವನ್ನು ಬಿಟ್ಟುಕೊಡಲಿಲ್ಲ ಎಂದರ್ಥ. ಆ ಬಣ್ಣದ ಪರೀಕ್ಷೆಯನ್ನು 1884ರಲ್ಲಿ ಪ್ರಕಟಿಸಿದವನು ಹಾನ್ಸ್ ಕ್ರಿಶ್ಚಿಯನ್ ಗ್ರಾಂ. ಇದಕ್ಕೂ ತೂಕದ ಗ್ರಾಮಿಗೂ ನಂಟಿಲ್ಲ.

ಈ ಬಲೆಯ ಕಥೆ ನಮ್ಮ ಪಿಂಪ್ರಿಗೂ ಬಂದು ಮುಟ್ಟುತ್ತದೆ. ಇಲ್ಲಿನ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಸ್ಥಾಪನೆಯಾಗಿ, ಮರುವರ್ಷ ಪೆನಿಸಿಲಿನ್ ತಯಾರಿಸತೊಡಗಿತು. ಬ್ಯಾಕ್ಟೀರಿಯಾ ಬೆಳೆಯುವಾಗ ತನ್ನ ಬಲೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಮತ್ತೆ ಹೊಲಿದುಕೊಳ್ಳುತ್ತದೆ. ಪೆನಿಸಿಲಿನ್ ಹೋಗಿ ಹೊಲಿಯುವ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಕತ್ತರಿ ನಡೆದೇ ಇರುತ್ತದೆ, ಸೂಜಿ ನಿಂತಿರುತ್ತದೆ. ಉಳಿದದ್ದನ್ನು ನೀರೇ ಮುಗಿಸುತ್ತದೆ: ಟೈರ್ ಹರಿದ ಕಡೆ ಟ್ಯೂಬ್ ಉಬ್ಬಿ ಒಡೆಯುತ್ತದೆ. ನಮ್ಮ ಕೋಶಗಳಿಗೆ ಭಿತ್ತಿಯೇ ಇಲ್ಲದ್ದರಿಂದ ಅವುಗಳಲ್ಲಿ ಈ ಔಷಧಕ್ಕೆ ಕೆಡಿಸಲು ಹೊಲಿಗೆಯೇ ಇಲ್ಲ. ಭಿತ್ತಿಯಿಲ್ಲದ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಜಗ್ಗದಿರುವುದೂ ಇದೇ ಕಾರಣಕ್ಕೆ.

‘ಹಾಗಾದರೆ ದೊಡ್ಡಪ್ಪ, ಈ ಕೊತ್ತಂಬರಿಗೆ ಪೆನಿಸಿಲಿನ್ ಹಾಕಿದರೆ?’ ಎಂದಳು ಹುಡುಗಿ, ಲೋಟದತ್ತ ನೋಡುತ್ತಾ. ಅದರ ಭಿತ್ತಿಗೆ ಏನೂ ಆಗದು, ಅದು ಸೆಲ್ಯುಲೋಸಿನದು. ಗಾಜಿನ ಶೀಶೆಯಲ್ಲಿ ಸಸಿ ಬೆಳೆಸುವ ಪ್ರಯೋಗಾಲಯಗಳಲ್ಲಿ ಬೇಡದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಪೆನಿಸಿಲಿನ್‌ನ ದಾಯಾದಿಯಾದ ಸೆಫೊಟ್ಯಾಕ್ಸಿಮ್ ಬೆರೆಸುತ್ತಾರೆ. ಬ್ಯಾಕ್ಟೀರಿಯಾ ಒಡೆದು ಹೋಗುತ್ತದೆ, ಸಸಿ ಬೆಳೆಯುತ್ತಿರುತ್ತದೆ.