ನೊಟೋರಿಯಸ್ ಸಮಾಜಸೇವಕ

ರಾಯಚೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾವ ಹುಡುಗನ ಚೀಲ ತೆಗೆದರೂ ಒಂದು ದಪ್ಪ ನೋಟ್‌ಬುಕ್ ಸಿಗುತ್ತದೆ. ಪುಟದ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಅಬೇಟ್ ಅಂದರೆ ತಗ್ಗು, ಅಬ್‌ಹಾರ್ ಅಂದರೆ ಹೇಸು, ಅಬ್‌ಸ್ಟೇನ್ ಅಂದರೆ ದೂರವಿರು. ದಿನಕ್ಕೆ 50 ಪದ ಬಾಯಿಪಾಠ ಮಾಡಿದರೆ ವರ್ಷಕ್ಕೆ 18,250 ಪದ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಭಾಷೆ ಹಾಗೆ ಬರುವುದಿಲ್ಲ.

ಇಂಥದ್ದೇ ಒಂದು ಪಟ್ಟಿಯಲ್ಲಿ ನೊಟೋರಿಯಸ್ ಎಂಬ ಪದದ ಎದುರು ‘ಹೆಸರುವಾಸಿ’ ಎಂದಿತ್ತು. ಅದನ್ನು ನಂಬಿದ ಲಿಂಗಸುಗೂರು ಕಡೆಯ ಹುಡುಗನೊಬ್ಬ, ‘ನಮ್ಮ ಊರಿನಲ್ಲಿ ನಾನು ಸಮಾಜಸೇವೆಗೆ ನೊಟೋರಿಯಸ್’ ಎಂದು ಕೆಲಸದ ಅರ್ಜಿಯಲ್ಲಿ ಬರೆದು ನನಗೆ ತೋರಿಸಿದ.

‘ಫೇಮಸ್ ಅಂತ ಎಲ್ಲಾರೂ ಬರೀತಾರ್ರಿ ಸರ್. ಅದಕ್ಕ ಸ್ವಲ್ಪ ದೊಡ್ಡ ಪದ ಹಾಕೀನಿ’ ಅಂದ.

‘ತಮ್ಮಾ, ಅದು ಪೇಪರ್‌ನವರು ರೌಡಿಗಳಿಗೆ ಹಾಕೋ ಪದ’ ಅಂದೆ.

‘ಆದ್ರ ಅರ್ಥ ಸರಿ ಐತಲ್ರಿ?’

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನೊಟೋರಿಯಸ್ ಅಂದರೆ ಹೆಸರುವಾಸಿಯೇ, ಆದರೆ ಕೆಟ್ಟದ್ದಕ್ಕೆ ಹೆಸರುವಾಸಿ. ಪಟ್ಟಿ ಮಾಡಿದವರು ಪದವನ್ನು ವಾಕ್ಯದಿಂದ ಕಿತ್ತು ತಂದಾಗ ಈ ಎರಡನೆಯ ಭಾಗ ಅಲ್ಲೇ ಉಳಿದುಹೋಗಿತ್ತು.

ಇದು ನಮ್ಮ ಹುಡುಗರ ದೌರ್ಬಲ್ಯ ಅಂದುಕೊಳ್ಳಬೇಡಿ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವ ಅಮೆರಿಕದ ಮಕ್ಕಳೂ ಹೀಗೇ ಮಾಡುತ್ತಾರೆ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಇದರ ಬಗ್ಗೆ ಒಂದು ಸೊಗಸಾದ ಲೇಖನ ಬರೆದರು. ಶಾಲಾ ಮಕ್ಕಳು ನಿಘಂಟು ನೋಡಿ, ಹೊಸ ಪದಕ್ಕೆ ಒಂದು ವಾಕ್ಯ ಬರೆಯಬೇಕಿತ್ತು. ಇರೋಡ್ ಎಂಬ ಪದದ ಅರ್ಥದಲ್ಲಿ ‘ಈಟ್ ಔಟ್’ ಎಂದಿತ್ತು, ಅಂದರೆ ನೀರು ಮಣ್ಣನ್ನು ತಿಂದುಹಾಕುವ ಹಾಗೆ. ಮಗು ಬರೆದದ್ದು: ‘ಅವರ್ ಫ್ಯಾಮಿಲಿ ಇರೋಡ್ಸ್ ಎ ಲಾಟ್.’ ನಮ್ಮ ಮನೆಯವರು ಆಗಾಗ ಹೋಟೆಲಿಗೆ ಹೋಗಿ ಉಣ್ಣುತ್ತೇವೆ ಅಂತ ಅದರ ಲೆಕ್ಕ! ಸ್ಟಿಮ್ಯುಲೇಟ್ ಪದಕ್ಕೆ ‘ಸ್ಟರ್ ಅಪ್’ ಎಂಬ ಅರ್ಥ ನೋಡಿದ ಇನ್ನೊಂದು ಮಗು ‘ಶ್ರೀಮತಿ ಮಾರೋ ಸೂಪನ್ನು ಸ್ಟಿಮ್ಯುಲೇಟ್ ಮಾಡಿದರು’ ಎಂದು ಬರೆಯಿತು. ಮೆಟಿಕ್ಯುಲಸ್ ಅಂದರೆ ತುಂಬಾ ಎಚ್ಚರಿಕೆ ಎಂದು ಓದಿದ ಮಗು, ಬಂಡೆ ಮೇಲಿಂದ ಬೀಳದ ಹಾಗೆ ತಾನು ಮೆಟಿಕ್ಯುಲಸ್ ಆಗಿದ್ದೆ ಅಂದಿತು.

ಈ ಮಕ್ಕಳು ದಡ್ಡರಲ್ಲ. ಅರ್ಥವನ್ನು ಓದಿದರು, ಅದರಲ್ಲಿ ತಮಗೆ ಗೊತ್ತಿದ್ದ ಮಾತು ಹುಡುಕಿದರು, ಆ ಮಾತಿನ ವಾಕ್ಯ ಕಟ್ಟಿ ಹೊಸ ಪದವನ್ನು ಅಲ್ಲಿಟ್ಟರು. ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ಪದವನ್ನು ಎಲ್ಲಿ ಬಳಸುತ್ತಾರೆ ಅನ್ನುವುದನ್ನು ಮಾತ್ರ ಅವರಿಗೆ ಯಾರೂ ತೋರಿಸಿರಲಿಲ್ಲ.

ಮಗಳಿಗೆ ಗಂಡು ನೋಡುವಾಗ ಹುಡುಗನ ಬಯೋಡೇಟಾ ಓದಿ ಸುಮ್ನಾಗುತ್ತೇವೆಯೇ? ಅವನ ಓಣಿಗೆ ಹೋಗಿ, ಯಾರ ಜೊತೆ ಓಡಾಡುತ್ತಾನೆ, ಸಂಜೆ ಎಲ್ಲಿ ಕೂರುತ್ತಾನೆ ಅಂತ ಕೇಳುತ್ತೇವೆ ಅಲ್ವಾ? ಪದಗಳಿಗೂ ಇದೇ ವಿಚಾರಣೆ ಬೇಕು. ಒಂದು ಪದ ಎಂಥದ್ದು ಎಂದು ಅದು ಇಟ್ಟುಕೊಂಡ ಸಹವಾಸದಿಂದ ತಿಳಿಯುತ್ತದೆ ಎಂದು ಜೆ.ಆರ್. ಫರ್ತ್ ಎಂಬ ಭಾಷಾವಿಜ್ಞಾನಿ 1957ರಲ್ಲಿ ಬರೆದ. ಈತ ಮೊದಲು ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದವ. ಆಗ ಅದು ಹೆಚ್ಚುಕಡಿಮೆ ತತ್ವಜ್ಞಾನದ ಮಾತಿನಂತಿತ್ತು. ಕಂಪ್ಯೂಟರ್ ಬಂದು ಕೋಟಿಗಟ್ಟಲೆ ಪದಗಳ ಬರಹವನ್ನು ಒಂದೇ ಕಡೆ ಹುಡುಕಲು ಆದ ಮೇಲೆ, ಆ ಸಹವಾಸವನ್ನು ಕಣ್ಣಾರೆ ನೋಡುವ ಹಾಗಾಯಿತು.

ನನಗೆ ಬಹಳ ಇಷ್ಟದ ಉದಾಹರಣೆ ಇಂಗ್ಲಿಷಿನ ಕಾಸ್ (cause) ಎಂಬ ಕ್ರಿಯಾಪದ. ನಿಘಂಟಿನಲ್ಲಿ ಸಪ್ಪೆ ಅರ್ಥ: ಏನಾದರೂ ಆಗುವಂತೆ ಮಾಡು. ಅದರಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆದರೆ ಮೈಕಲ್ ಸ್ಟಬ್ಸ್ ಎಂಬ ಭಾಷಾವಿಜ್ಞಾನಿ 1990ರ ದಶಕದಲ್ಲಿ ಅದರ ನೆರೆಹೊರೆ ಹುಡುಕಿದಾಗ ಸಿಕ್ಕಿದ್ದು ಸಮಸ್ಯೆ, ಹಾನಿ, ಸಾವು, ರೋಗ, ಆತಂಕ. ಈ ಪದ ಬಹುಪಾಲು ಕೆಟ್ಟ ಸುದ್ದಿಯ ಪಕ್ಕದಲ್ಲೇ ಇರುತ್ತದೆ. ನಮ್ಮಲ್ಲಿ ಹಾಗಿಲ್ಲ. ‘ನನ್ನ ಗೆಲುವಿಗೆ ನಮ್ಮಪ್ಪ ಕಾರಣ’ ಅಂದರೆ ಅಪ್ಪನಿಗೆ ಸಂತೋಷ. ಇದನ್ನೇ ‘ಮೈ ಫಾದರ್ ಕಾಸ್ಡ್ ಮೈ ಸಕ್ಸಸ್’ ಎಂದು ಬರೆದರೆ ವ್ಯಾಕರಣ ಸರಿ, ಅರ್ಥವೂ ಸರಿ. ಆದರೂ ಅಪ್ಪ ಏನೋ ಅನಾಹುತ ಮಾಡಿದ ಹಾಗೆ ಕೇಳಿಸುತ್ತದೆ. ಎರಡು ಕಾಲಂ ಇರುವ ನೋಟ್‌ಬುಕ್ಕಿನಲ್ಲಿ ಈ ವ್ಯತ್ಯಾಸ ಬರೆಯಲು ಜಾಗವೇ ಇಲ್ಲ.

ಅಕ್ಕಪಕ್ಕ ನೋಡಿ ಪದ ಗುರುತಿಸುವ ಈ ಉಪಾಯಕ್ಕೆ ನಮ್ಮ ಜಿಲ್ಲೆ ಸಾಕ್ಷಿ ಕೊಟ್ಟಿದೆ. ಸ್ವಲ್ಪ ದಾರಿ ತಪ್ಪುತ್ತೇನೆ, ಸಹಿಸಿಕೊಳ್ಳಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಬ್ರಾಹ್ಮಿ ಎಂಬ ಪ್ರಾಚೀನ ಲಿಪಿಯ ಮುಂದೆ ಕೂತಿದ್ದ. ಓದಲು ಬರುವವರು ಯಾರೂ ಇರಲಿಲ್ಲ. ಸಾಂಚಿ ಸ್ತೂಪದ ಕಲ್ಲುಗಳ ಮೇಲಿನ ಗಿಡ್ಡ ಶಾಸನಗಳು ಹೆಚ್ಚಾಗಿ ಒಂದೇ ರೀತಿಯ ಅಕ್ಷರಗಳಲ್ಲಿ ಮುಗಿಯುವುದನ್ನು ಅವನು ಗಮನಿಸಿದ. ಪವಿತ್ರ ಜಾಗದಲ್ಲಿ ಸಾಲುಸಾಲಾಗಿ ನಿಂತ ಕಲ್ಲು, ಪ್ರತಿಯೊಂದರ ಮೇಲೂ ಚಿಕ್ಕ ಬರಹ, ಕೊನೆಗೆ ಒಂದೇ ಪದ. ಅದು ‘ದಾನಂ’ ಅಲ್ಲದೆ ಮತ್ತೇನಿದ್ದೀತು? ಇಂಥವರು ಕೊಟ್ಟ ದಾನ. ಆ ಒಂದು ಪದದಿಂದ ಅಕ್ಷರಗಳು ಬಿಚ್ಚಿಕೊಂಡವು. ಅಲ್ಲಿಂದ ‘ದೇವಾನಂಪಿಯ ಪಿಯದಸಿ’ ಎಂಬ ರಾಜನ ಶಾಸನಗಳನ್ನು ಓದಲು ಬಂತು. ಅವನು ಯಾರು ಎಂಬುದಕ್ಕೆ ಸಿಂಹಳದ ಬೌದ್ಧ ಗ್ರಂಥಗಳಿಂದ ಉತ್ತರ ಸಿಕ್ಕಿತು, ಅಶೋಕ ಅಂತ. ಆದರೆ ಬಿರುದು ಮತ್ತು ಹೆಸರು ಅಕ್ಕಪಕ್ಕ ಇರುವ ಕಲ್ಲು ಸಿಕ್ಕಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನ ಹುಡುಕಲು ಬಂದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಒಂದು ಬಂಡೆ ಬಿತ್ತು. ಅದರ ಮೇಲಿತ್ತು: ‘ದೇವಾನಂಪಿಯಸ ಅಸೋಕಸ’. ಎರಡು ಪದ ಜೊತೆಗೆ ಬಂದವು, ಗುರುತು ಗಟ್ಟಿಯಾಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಮುಂದೆ ಆ ಹೆಸರು ಸಿಕ್ಕಿತು. ಕೊಪ್ಪಳದ ಗವಿಮಠದ ಬೆಟ್ಟ ಹತ್ತುವವರು ಅಲ್ಲಿರುವ ಅಶೋಕನ ಶಾಸನವನ್ನೂ ಒಮ್ಮೆ ನಿಂತು ನೋಡಬೇಕು.

ನಿಘಂಟು ಮಾಡುವವರಿಗೆ ಈ ಗುಟ್ಟು ಗೊತ್ತಿರಲಿಲ್ಲವೇ? ಅರ್ಧ ಗೊತ್ತಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟು ತಂದಾಗ ಅದರಲ್ಲಿ ಲಕ್ಷಕ್ಕೂ ಹೆಚ್ಚು ಉದಾಹರಣೆಗಳಿದ್ದವು, ಹೆಚ್ಚಿನವು ದೊಡ್ಡ ಲೇಖಕರ ಸಾಲುಗಳು. ಉದಾಹರಣೆಯ ಬೆಲೆ ಅವನಿಗೆ ತಿಳಿದಿತ್ತು. ಅರ್ಥ ಬರೆಯುವಾಗ ಮಾತ್ರ ಕೆಲವೊಮ್ಮೆ ಕೈ ಮೀರಿಬಿಡುತ್ತಿತ್ತು. ನೆಟ್‌ವರ್ಕ್ ಎಂಬ ಸರಳ ಪದವನ್ನು ವಿವರಿಸಲು ರೆಟಿಕ್ಯುಲೇಟೆಡ್, ಡಿಕಸೇಟೆಡ್ ಎಂಬ ಎರಡು ರಾಕ್ಷಸರನ್ನು ಕರೆತಂದ. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದ. ಅಚ್ಚಾದ ಕನ್ನಡ ನಿಘಂಟುಗಳಲ್ಲಿ ಅವು ಮೊದಲ ಸಾಲಿನವು. ನಮ್ಮ ಬಳ್ಳಾರಿಯವರಿಗೇ ಇದು ಗೊತ್ತಿರುವುದು ಅಪರೂಪ.

ಕಲಿಯುವವರ ಕಷ್ಟ ಅರಿತು ನಿಘಂಟು ಮಾಡಿದವನು ಢಾಕಾದಲ್ಲಿ ಮೇಷ್ಟ್ರಾಗಿದ್ದ ಮೈಕಲ್ ವೆಸ್ಟ್. 1935ರ ಅವನ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಬರೀ 1,490 ಸರಳ ಪದಗಳಲ್ಲಿ ವಿವರಿಸಲಾಗಿತ್ತು. ಅವನಿಗೆ ಈ ಯೋಚನೆ ಬಂದದ್ದು ಬಂಗಾಳದ ಹುಡುಗರನ್ನು ನೋಡಿ. ಆಮೇಲೆ 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಸಿಂಕ್ಲೇರ್ ತಂಡದ ಕೋಬಿಲ್ಡ್ ನಿಘಂಟು ಬಂತು. ಅವರು ಅರ್ಥವನ್ನೇ ಪೂರ್ತಿ ವಾಕ್ಯ ಮಾಡಿಬಿಟ್ಟರು. ಒಬ್ಬರನ್ನು ನೊಟೋರಿಯಸ್ ಅಂದರೆ, ಏನೋ ಕೆಟ್ಟದ್ದಕ್ಕಾಗಿ ಅವರು ಜನರಿಗೆ ಚೆನ್ನಾಗಿ ಗೊತ್ತು ಎಂದರ್ಥ, ಈ ಧಾಟಿಯಲ್ಲಿ. ಕೆಳಗೆ ಕೊಟ್ಟ ಉದಾಹರಣೆಗಳು ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳು. ನಮ್ಮ ಲಿಂಗಸುಗೂರಿನ ಹುಡುಗನಿಗೆ ಬೇಕಾಗಿದ್ದದ್ದು ಇದೇ.

ಹಾಗಂತ ಅರ್ಥ ಬಿಟ್ಟು ಬರೀ ವಾಕ್ಯ ಓದಿದರೆ ಸಾಕು ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಸುಮ್ನೆ ಓದುತ್ತಾ ಹೋದಾಗ ಎದುರಾಗುವ ಹೊಸ ಪದಗಳಲ್ಲಿ ನೂರಕ್ಕೆ 15ರಷ್ಟು ಮಾತ್ರ ತಲೆಗೆ ಹತ್ತುತ್ತವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 1999ರ ವಿಶ್ಲೇಷಣೆ ಹೇಳುತ್ತದೆ. ಜೊತೆಗೆ, ಒಂದು ಪದವನ್ನು 10 ಸಲ ಬೇರೆಬೇರೆ ವಾಕ್ಯಗಳಲ್ಲಿ ಕಂಡರೂ ಪೂರ್ತಿ ಹಿಡಿತ ಬರದೇ ಇರಬಹುದು ಎಂದು 2007ರಲ್ಲಿ ಸ್ಟುವರ್ಟ್ ವೆಬ್ ತೋರಿಸಿದರು. ಅಪರೂಪದ ಪದಗಳು ಅಷ್ಟು ಸಲ ಸಿಗಬೇಕಾದರೆ ಒಂದೇ ವಿಷಯದ ಬೆನ್ನು ಹತ್ತಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಯಿತಲ್ಲ, ಆ ಸುದ್ದಿಯನ್ನು ದಿನಾ ಇಂಗ್ಲಿಷ್ ಪತ್ರಿಕೆಯಲ್ಲಿ ಹಿಂಬಾಲಿಸಿದವರಿಗೆ ಇದು ಗೊತ್ತು. ಡಿಸ್ಚಾರ್ಜ್ ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವುದು ಅಂದುಕೊಂಡವನಿಗೆ, ನೀರಿಗೂ ಡಿಸ್ಚಾರ್ಜ್ ಇದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕಾಲುವೆ ಕೊನೆ ಭಾಗದ ರೈತನ ಮಗನಿಗೆ ಆ ಸುದ್ದಿ ಪಾಠವಲ್ಲ, ಬೆಳೆಯ ಪ್ರಶ್ನೆ. ಓದದೆ ಬಿಡುತ್ತಾನೆಯೇ? ಅಂದಹಾಗೆ, ಆ ಇಂಗ್ಲಿಷ್ ವರದಿಗಳಲ್ಲಿ ನಮ್ಮ ‘ಆಯಕಟ್ಟು’ ಕೂಡ ಆರಾಮವಾಗಿ ಕೂತಿರುತ್ತದೆ.

ಇನ್ನು ನೆನಪು. ನಮ್ಮ ಕಡೆ ಇದಕ್ಕೆ ಲೇಹ್ಯ ಇದೆ, ತಾಯತ ಇದೆ, ಬೆಳಗಿನ ಜಾವ 4ಕ್ಕೆ ಎದ್ದು ಓದಿದ್ದು ಮರೆಯಲ್ಲ ಎಂಬ ನಂಬಿಕೆ ಇದೆ. ರಾತ್ರಿ 12ಕ್ಕೆ ಮಲಗಿದ ಮಗುವನ್ನು 4ಕ್ಕೆ ಎಬ್ಬಿಸುವ ಅಪ್ಪ ಅಮ್ಮಂದಿರು, ಕಲಿತದ್ದು ಎಚ್ಚರವಿದ್ದಾಗಿನದಕ್ಕಿಂತ ನಿದ್ದೆಯ ನಂತರ ಜಾಸ್ತಿ ಉಳಿಯುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ 1924ರಲ್ಲೇ ತೋರಿಸಿದ್ದನ್ನು ಕೇಳಬೇಕು. ಲೇಹ್ಯ ಎಷ್ಟೇ ನೆಕ್ಕಿದರೂ ನೊಟೋರಿಯಸ್ ಪದದ ಬಿಟ್ಟುಹೋದ ಭಾಗ ತಾನಾಗಿ ಹೊಳೆಯುವುದಿಲ್ಲ.

ಕೆಲಸ ಮಾಡುವುದು ತಲೆಯಿಂದ ಹೊರಗೆ ತೆಗೆಯುವ ಅಭ್ಯಾಸ. 2008ರಲ್ಲಿ ಕಾರ್ಪಿಕೆ ಮತ್ತು ರೋಡಿಗರ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ 40 ಸ್ವಾಹಿಲಿ ಪದಗಳನ್ನು ಅರ್ಥದ ಜೊತೆ ಕಲಿಸಿದರು. ಒಮ್ಮೆ ಬಂದ ಪದವನ್ನು ಮತ್ತೆ ಮತ್ತೆ ಬರೀ ಓದಿದವರಿಗೆ ವಾರದ ನಂತರ ನೆನಪಿದ್ದದ್ದು ನೂರಕ್ಕೆ 36ರಷ್ಟು. ಮತ್ತೆ ಮತ್ತೆ ಪರೀಕ್ಷೆ ಕೊಟ್ಟುಕೊಂಡವರಿಗೆ 80ರಷ್ಟು. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಅರ್ಧ ಎಂದೇ ಹೇಳಿದ್ದರು. ಓದಿ ಓದಿ ಪರಿಚಯವಾದ ಪದವನ್ನು ಬಂತು ಅಂದುಕೊಳ್ಳುತ್ತೇವೆ. ಮುಖ ಗೊತ್ತು, ಹೆಸರು ಕರೆಯಲು ಬಾಯಿ ಬರಲ್ಲ.

ಆದ್ದರಿಂದ ನೋಟ್‌ಬುಕ್ ಎಸೆಯಬೇಕಿಲ್ಲ, ಗೆರೆ ಬದಲಿಸಿದರೆ ಸಾಕು. ಎಡಗಡೆ ಪತ್ರಿಕೆಯಲ್ಲೋ ನಿಘಂಟಿನಲ್ಲೋ ಸಿಕ್ಕ ವಾಕ್ಯ ಬರೆದು, ಪದದ ಜಾಗ ಖಾಲಿ ಬಿಡಿ. ಬಲಗಡೆ ಪದ, ಸರಳ ಇಂಗ್ಲಿಷಿನಲ್ಲಿ ಅರ್ಥ. ಕನ್ನಡ ಅರ್ಥವನ್ನೂ ಬರೆಯಿರಿ, ನಾಚಿಕೆ ಬೇಡ. ಬಲಗಡೆ ಕೈಯಿಂದ ಮುಚ್ಚಿ, ಖಾಲಿ ಜಾಗ ತುಂಬಿ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಸುಲಭವಾಗಿ ಬಂದ ಪದವನ್ನು ಮುಂದಕ್ಕೆ ತಳ್ಳಿ, ತೊದಲಿದ್ದನ್ನು ನಾಳೆಗೇ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಪಟ್ಟಿ ಮಾರುವವರಿಗೆ ಇದು ಹಿಡಿಸಲಿಕ್ಕಿಲ್ಲ. ಒಂದೇ ಗುಂಪಿನ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ ಎಂದು 1993ರಲ್ಲಿ ಥಾಮಸ್ ಟಿಂಕಮ್, 1997ರಲ್ಲಿ ರಾಬ್ ವೇರಿಂಗ್ ತೋರಿಸಿದ್ದಾರೆ. ಸಂಬಂಧವಿಲ್ಲದ ಪದಗಳೇ ಬೇಗ ಕೂರುತ್ತವೆ. ಫೇಮಸ್, ನೊಟೋರಿಯಸ್, ಎಮಿನೆಂಟ್, ಇಲ್ಲಸ್ಟ್ರಿಯಸ್ ನಾಲ್ಕನ್ನೂ ಒಂದೇ ಪುಟದಲ್ಲಿ ಬರೆದುಕೊಂಡಿದ್ದರೆ, ಮೂರನ್ನು ಮುಂದಿನ ತಿಂಗಳಿಗೆ ಬಿಡಿ.