ಪದ ಪರಿಚಯ: ಬೋರ್ಡೋ

ಮೇ ತಿಂಗಳ ಕೊನೆಯಲ್ಲಿ ತೀರ್ಥಹಳ್ಳಿ, ಸಾಗರ, ಶಿರಸಿ, ಪುತ್ತೂರಿನ ಕಡೆ ಇಬ್ಬರು ಅಡಿಕೆ ಬೆಳೆಗಾರರು ಎದುರುಬದುರಾದರೆ ಮಳೆಯ ಮಾತಿಗೂ ಮೊದಲು ಬರುವ ಮಾತು, "ಬೋರ್ಡೋ ಆಯಿತಾ?" ಚಿಕ್ಕಂದಿನಲ್ಲಿ ನಾನು ಇದನ್ನು ಕರೆಂಟ್ ಬೋರ್ಡಿನ ಪೈಕಿ ಏನೋ ಎಂದೇ ತಿಳಿದಿದ್ದೆ. ಯಾವುದೋ ಕಂಪನಿಯ ಹೆಸರು ಎಂದುಕೊಂಡ ದೊಡ್ಡವರೂ ಇದ್ದಾರೆ. ನಿಜಕ್ಕೂ ಅದು ಒಂದು ಊರು. ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ, ದ್ರಾಕ್ಷಾರಸಕ್ಕೆ ಹೆಸರಾದ, ಒಂದು ವಿಶ್ವವಿದ್ಯಾಲಯವೂ ಇರುವ ಊರು.

ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ, ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು ಇಷ್ಟೇ ಇರುವ ಒಂದು ನೀಲಿ ದ್ರಾವಣಕ್ಕೆ ಆ ಊರಿನ ಹೆಸರು ಅಂಟಿಕೊಂಡದ್ದು ಕಳ್ಳರ ದೆಸೆಯಿಂದ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಬೇರು ಹೀರುವ ಫೈಲಾಕ್ಸೆರಾ ಎಂಬ ಕೀಟ ಬಿದ್ದಿತ್ತು. ಅದನ್ನು ತಾಳಿಕೊಳ್ಳುವ ಅಮೆರಿಕದ ಬಳ್ಳಿಗಳನ್ನು ತರಿಸಿ, ಅವುಗಳ ಬೇರಿನ ಮೇಲೆ ಊರ ಬಳ್ಳಿಯನ್ನು ಕಸಿ ಕಟ್ಟುವ ಉಪಾಯವನ್ನು ವಿದ್ವಾಂಸರು ಹೇಳಿಕೊಟ್ಟರು. ಉಪಾಯ ಫಲಿಸಿತು. ಆದರೆ ತರಿಸಿದ ಬಳ್ಳಿಗಳ ಜೊತೆಯಲ್ಲೇ, 1878ರ ಹೊತ್ತಿಗೆ, ಬೂಜು ರೋಗವೊಂದು ಬಂದಿಳಿಯಿತು. ಎಲೆಯ ಅಡಿಯಲ್ಲಿ ಬಿಳಿ ಬೂಜು, ಆಮೇಲೆ ಎಲೆಯೆಲ್ಲ ಉದುರಿ ಬರೀ ಕಡ್ಡಿ. ಒಂದು ಸಮಸ್ಯೆಯ ಪರಿಹಾರವೇ ಇನ್ನೊಂದನ್ನು ಹೆಗಲ ಮೇಲೆ ಹೊತ್ತು ತಂದಿತ್ತು. ಸಂಶೋಧನೆಯ ಗುಣಗಾನ ಮಾಡುವವರು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪಿಯರ್ ಮಿಲಾರ್ದೆ 1882ರ ಅಕ್ಟೋಬರಿನಲ್ಲಿ ಸೇಂಟ್ ಜೂಲಿಯನ್ ಎಂಬಲ್ಲಿ ತೋಟಗಳ ನಡುವೆ ನಡೆದು ಹೋಗುತ್ತಿದ್ದರು. ಒಳಗಿನ ಸಾಲುಗಳೆಲ್ಲ ಬೋಳಾಗಿದ್ದವು. ದಾರಿಯ ಅಂಚಿನ ಸಾಲುಗಳು ಮಾತ್ರ ಎಲೆ ತುಂಬಿಕೊಂಡಿದ್ದವು. ಎಲೆಗಳ ಮೇಲೆ ನೀಲಿ ಚುಕ್ಕೆಗಳು. ತೋಟದ ಮೇಲ್ವಿಚಾರಕರನ್ನು ವಿಚಾರಿಸಿದಾಗ ಸಿಕ್ಕ ಉತ್ತರ ಔಷಧಿಯದ್ದಲ್ಲ: ದಾರಿಹೋಕರು ಹಣ್ಣು ಕೀಳದಿರಲಿ, ವಿಷವೆಂದು ಹೆದರಲಿ ಎಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ಚಿಮುಕಿಸಿದ್ದು. ನಮ್ಮಲ್ಲಿ ಹೊಲಕ್ಕೆ ಬೆದರುಬೊಂಬೆ ನಿಲ್ಲಿಸಿದ ಹಾಗೆ.

ಆ ದಾರಿಯಲ್ಲಿ ಅದುವರೆಗೆ ಎಷ್ಟು ಜನ ನಡೆದಿರಬಹುದು! ಬೋಳು ಸಾಲು, ಹಸಿರು ಸಾಲು ಎರಡೂ ಎಲ್ಲರ ಕಣ್ಣಿಗೂ ಬಿದ್ದಿರುತ್ತವೆ. ಮಿಲಾರ್ದೆ ನಿಂತು ನೋಡಿದ್ದಕ್ಕೆ ಕಾರಣ, ಈ ಜಾತಿಯ ರೋಗಾಣುಗಳು ನೀರಿನ ತೆಳು ಪದರದಲ್ಲಿ ಈಜಿಕೊಂಡು ಎಲೆಯೊಳಗೆ ನುಗ್ಗುತ್ತವೆ ಎಂಬುದನ್ನು ಅವರು ಮೊದಲೇ ಬಲ್ಲವರಾಗಿದ್ದರು. ಆಲೂಗಡ್ಡೆಯ ಅಂಗಮಾರಿಗೆ ಕಾರಣವಾದ ಜೀವಿಯನ್ನು ತೋರಿಸಿಕೊಟ್ಟ ಜರ್ಮನಿಯ ಆಂಟನ್ ಡಿ ಬ್ಯಾರಿ ಮಿಲಾರ್ದೆಯವರ ಗುರುಗಳಲ್ಲಿ ಒಬ್ಬರು. 1845ರಿಂದ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಬರಗಾಲದ ಹಿಂದೆ ಇದ್ದದ್ದು ಅದೇ ಅಂಗಮಾರಿ. ಡಿ ಬ್ಯಾರಿಯವರ ಕೆಲಸದಿಂದ ಆಗ ಯಾರ ಹೊಟ್ಟೆಯೂ ತುಂಬಲಿಲ್ಲ. ಆದರೆ ಆ ತಿಳಿವು ತಲೆಯಲ್ಲಿ ಇಲ್ಲದಿದ್ದರೆ ಮಿಲಾರ್ದೆಯವರ ಕಣ್ಣಿಗೆ ನೀಲಿ ಚುಕ್ಕೆ ಬರೀ ಚುಕ್ಕೆಯಾಗಿ ಉಳಿಯುತ್ತಿತ್ತು.

ಮುಂದಿನದು ಮೂರು ವರ್ಷದ ಬೇಸರದ ದುಡಿಮೆ. ತುತ್ತ ಎಷ್ಟು, ಸುಣ್ಣ ಎಷ್ಟು, ಯಾವಾಗ ಹೊಡೆಯಬೇಕು ಎಂದು ಅಳೆದು ತೂಗಿ ಪರೀಕ್ಷಿಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಯುಲೀಸ್ ಗಾಯೋ ಮಾಡಿದ ಕೆಲಸ ಇನ್ನೂ ನಾಜೂಕಿನದು. ತಾಮ್ರ ಬಿದ್ದ ಹಣ್ಣಿನ ರಸವನ್ನು ಜನ ಕುಡಿಯಬಹುದೇ? ಅವರು ರಸವನ್ನೂ ಮದ್ಯವನ್ನೂ ಪರೀಕ್ಷಿಸಿ, ಉಳಿಯುವ ತಾಮ್ರ ತೀರಾ ಅತ್ಯಲ್ಪ ಎಂದು ತೋರಿಸಿದರು. ಈ ಲೆಕ್ಕ ಇಲ್ಲದೆ ಯಾವ ತೋಟದ ಯಜಮಾನ ತಾನೇ ಧೈರ್ಯ ಮಾಡಿಯಾನು?

ಕನ್ನಡದಲ್ಲಿ ನಾವು ಇದನ್ನು 'ಔಷಧಿ' ಎನ್ನುತ್ತೇವೆ, ಕರಾವಳಿಯಲ್ಲಿ 'ಮದ್ದು ಬಿಡುವುದು' ಎನ್ನುತ್ತಾರೆ. ಎರಡೂ ಸ್ವಲ್ಪ ದಾರಿ ತಪ್ಪಿಸುವ ಮಾತುಗಳು. ಬೋರ್ಡೋ ರೋಗ ಬಂದ ಮೇಲೆ ಗುಣಪಡಿಸುವುದಿಲ್ಲ. ಕಾಯಿಯ ಮೇಲೆ ತೆಳುವಾಗಿ ಕೂತು, ಮಳೆನೀರಿಗೆ ಚೂರು ಚೂರೇ ತಾಮ್ರವನ್ನು ಬಿಡುತ್ತಾ, ಈಜಿ ಬರುವ ರೋಗಾಣುವನ್ನು ಬಾಗಿಲಲ್ಲೇ ಕೊಲ್ಲುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಒಂದು ಸಲ, ಸುಮಾರು ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ. ಔಷಧಿ ಎನ್ನುವುದಕ್ಕಿಂತ ಕೊಡೆ ಎಂದರೆ ಹೆಚ್ಚು ಸರಿ. ನೆನೆದ ಮೇಲೆ ಬಿಚ್ಚಿದರೆ ಪ್ರಯೋಜನವಿಲ್ಲ.

ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯೇ ಡ್ರಮ್ಮಿನ ನೀರಿನಲ್ಲಿ ಮೇಲಿನಿಂದ ಇಳಿಬಿಡುತ್ತಾರೆ. ತಳಕ್ಕೆ ಸುರಿದರೆ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ, ತೂಗುಬಿಟ್ಟರೆ ನೀಲಿ ಎಳೆಗಳಾಗಿ ಕೆಳಗಿಳಿಯುತ್ತಾ ಬೆಳಗಿನ ಹೊತ್ತಿಗೆ ಪೂರ್ತಿ ಕರಗುತ್ತದೆ. ಸುಣ್ಣ ಬೇರೆ ಡ್ರಮ್ಮಿನಲ್ಲಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಪರೀಕ್ಷೆ: ಉಜ್ಜಿ ತೊಳೆದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿಗೆ ಕೆಂಪು ಲೇಪ ಹತ್ತಿದರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ, ಎಳೆಗಾಯಿ ಸುಟ್ಟೀತು. ಇನ್ನಷ್ಟು ಸುಣ್ಣ ಹಾಕಬೇಕು. ಶಾಲೆಯ ಮೆಟ್ಟಿಲು ಹತ್ತದವರೂ ಈ ರಸಾಯನಶಾಸ್ತ್ರದ ಪಾಠವನ್ನು ತಪ್ಪಿಲ್ಲದೆ ಮಾಡುತ್ತಾರೆ.

ಇದು ನಮ್ಮ ಕಡೆಗೆ ಬಂದದ್ದು ಲೆಸ್ಲಿ ಕೋಲ್ಮನ್ ಅವರಿಂದ. ಕೆನಡಾದವರು, ಜರ್ಮನಿಯಲ್ಲಿ ಓದಿದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದರು. ಆಗ ಮಲೆನಾಡಿನಲ್ಲಿ ಕೊಳೆ ಬಂದ ವರ್ಷ ಎಳೆಗಾಯಿಗಳೆಲ್ಲ ಮರದಡಿ ಹಾಸಿಕೊಳ್ಳುತ್ತಿದ್ದವು. ಜನರಿಗೆ ಗೊತ್ತಿದ್ದ ಉಪಾಯವೆಂದರೆ ಕೊಟ್ಟೆ ಕಟ್ಟುವುದು: ಅಡಿಕೆ ಹಾಳೆಯನ್ನೋ ಕರಡದ ಹುಲ್ಲನ್ನೋ ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಟೋಪಿಯ ಹಾಗೆ ಕಟ್ಟಿ ಮಳೆ ತಾಗದಂತೆ ಮಾಡುವುದು. ರೋಗಾಣುವಿನ ಹೆಸರೇ ಗೊತ್ತಿಲ್ಲದೆ ಅದರ ಗುಟ್ಟನ್ನು ಹಿಡಿದಿದ್ದವರು ಅವರು. ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ತಮ್ಮ ವರದಿ ಪ್ರಕಟಿಸಿದರು. ಇದೂ ಅಂಗಮಾರಿಯ ಕುಲಕ್ಕೇ ಸೇರಿದ, ಫೈಟಾಫ್ತೊರಾ ಎಂಬ ಗುಂಪಿನ ಜೀವಿಯ ಕೆಲಸ ಎಂದು ಗುರುತಿಸಿದರು. ಫ್ರಾನ್ಸಿನ ನೀಲಿ ನೀರು ಅಡಿಕೆ ಮರದ ತುದಿಗೆ ಏರಿತು. ಮಳೆಗೆ ತೊಳೆದು ಹೋಗದಿರಲೆಂದು ಅದಕ್ಕೆ ರಾಳ ಮತ್ತು ಸೋಡಾದ ಅಂಟು ಸೇರಿತು. ಕೋಲ್ಮನ್ ಹೆಬ್ಬಾಳದಲ್ಲಿ ಕಟ್ಟಿ ಬೆಳೆಸಿದ ಕೃಷಿ ಶಾಲೆ ಮುಂದೆ ಕಾಲೇಜಾಗಿ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು.

ಕೊಡುಕೊಳ್ಳುವಿಕೆ ಒಂದೇ ಕಡೆಯದ್ದೂ ಅಲ್ಲ. ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆತು, ಎಳೆಯಲ್ಲಿ ಜೋತುಬೀಳುವ ರೋಗವನ್ನೂ ನಮ್ಮವರು ಕೊಳೆರೋಗ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಾದ ಶಿಲೀಂಧ್ರ ಅಡಿಕೆಯದ್ದಲ್ಲ, ಬೇರೆಯೇ. ಇಂಗ್ಲೆಂಡಿನ ವಿಜ್ಞಾನಿ ಕುಕ್ ಹತ್ತೊಂಬತ್ತನೆಯ ಶತಮಾನದಲ್ಲೇ ಅದಕ್ಕೆ ಹೆಸರಿಡುವಾಗ ಕನ್ನಡದ ಈ ಮಾತನ್ನು ಹಾಗೆಯೇ ಎತ್ತಿಕೊಂಡರು. ಸಸ್ಯರೋಗಗಳ ಪುಸ್ತಕಗಳಲ್ಲಿ 'ಕೊಳೆರೋಗ' ಎಂಬುದು ಲ್ಯಾಟಿನ್ ಪದದಂತೆ ಗಂಭೀರವಾಗಿ ಕುಳಿತಿದೆ.

ಬೋರ್ಡೋ ಎಂಬ ಪದಕ್ಕೆ ಮಸಿಯೂ ಹತ್ತಿದೆ. ತಾಮ್ರ ಮಣ್ಣಿನಿಂದ ಕರಗಿ ಹೋಗುವುದಿಲ್ಲ, ವರ್ಷ ವರ್ಷವೂ ಕೂಡುತ್ತಾ ಹೋಗುತ್ತದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರದ ಮಿತಿ ಹಾಕಿದೆ. ಪೋರ್ಚುಗಲ್ಲಿನ ವೈದ್ಯರು 1969ರಲ್ಲಿ ಇದನ್ನು ಹೊಡೆಯುವ ದ್ರಾಕ್ಷಿ ಕೂಲಿಗಳ ಶ್ವಾಸಕೋಶದ ಕಾಯಿಲೆಯನ್ನು ಗುರುತಿಸಿದರು. ಇನ್ನು ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ನಮ್ಮ ಊರುಗಳಲ್ಲಿ ಈ ಮಾತನ್ನು ಎತ್ತಿದರೆ ಕಾಫಿ ಸಿಗುವುದಿಲ್ಲ. ಬೆಳೆ ಉಳಿಸುವ ಸಂಶೋಧನೆ ಒಂದು ಕಟ್ಟಡದಲ್ಲಿ, ಬಾಯಿ ಹುಣ್ಣಿನ ಸಂಶೋಧನೆ ಇನ್ನೊಂದರಲ್ಲಿ. ಸಮಾಜದ ಸಮಸ್ಯೆ ಎಂದಾಗ ಯಾರ ಸಮಸ್ಯೆ ಎಂದು ಕೇಳಿಕೊಳ್ಳದೆ ವಿಧಿಯಿಲ್ಲ.

ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ಕೊಳೆಗಾದರೆ ಕೊನೆಗೆ ತಾಗಿದರೆ ಸಾಕಿತ್ತು, ಇದಕ್ಕೆ ಸೋಗೆಯೆಲ್ಲ ನೆನೆಯಬೇಕು. ಮರ ಹತ್ತುವ ಕೊನೆಗಾರನಿಲ್ಲದೆ ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ, ಆದರೆ ಎಲ್ಲರ ಕೈಗೂ ಎಟುಕುವ ಬೆಲೆಯಲ್ಲ. ಒಂದು ಕೃಷಿ ಮೇಳದ ಮಳಿಗೆಯಲ್ಲಿ ವಯಸ್ಸಾದ ಬೆಳೆಗಾರರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಚುಕ್ಕೆ ಬಿದ್ದ ಸೋಗೆಯ ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿದ್ದ ಯುವ ವಿಜ್ಞಾನಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಕೇಳಿದರು: "ಯಜಮಾನರೇ, ಬೋರ್ಡೋ ಯಾವಾಗ ಹೊಡೆಸಿದಿರಿ? ಮಳೆಗೆ ಮುಂಚೆಯೋ, ಆಮೇಲೋ?"

"ಕೊನೆಗಾರ ಸಿಕ್ಕಾಗ, ಸಾರ್" ಎಂದರು ಅವರು.