ನಮ್ಮದೇ ಬೋರ್ಡ್‌ಗೆ ಡಿಬಗ್ ಕನೆಕ್ಟರ್: ಬಿಡಬಾರದ ಎರಡು ತಂತಿ

ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗೆ ಪ್ರೋಗ್ರಾಂ ತುಂಬಲು, ಡಿಬಗ್ ಮಾಡಲು (ಅಂದರೆ ಕೋಡ್ ಓಡುವಾಗ ತಪ್ಪು ಹುಡುಕಲು) ಎಸ್‌ಡಬ್ಲ್ಯುಡಿ, ಅಂದರೆ ಸೀರಿಯಲ್ ವೈರ್ ಡಿಬಗ್ ಎಂಬ ಸಂಪರ್ಕ ಸಾಕು. ಡೇಟಾಗೆ ಎಸ್‌ಡಬ್ಲ್ಯುಡಿಐಒ, ಕ್ಲಾಕ್‌ಗೆ ಎಸ್‌ಡಬ್ಲ್ಯುಸಿಎಲ್‌ಕೆ, ಜೊತೆಗೆ ಗ್ರೌಂಡ್. ಮೂರು ತಂತಿಯಲ್ಲೇ ಕೆಲಸ ಆಗುತ್ತದೆ ಅಂತ ನೀವೂ ಓದಿರುತ್ತೀರಿ. ಆಗುತ್ತದೆ, ನಿಜ. ಆದರೂ ಬೋರ್ಡ್ ಮಾಡಿಸುವಾಗ ವಿಟಿರೆಫ್ ಮತ್ತು ರಿಸೆಟ್ ಎರಡನ್ನೂ ದಯವಿಟ್ಟು ಕನೆಕ್ಟರ್‌ಗೆ ತನ್ನಿ.

ವಿಟಿರೆಫ್ ಅಂದರೆ ಬೋರ್ಡ್‌ಗೆ ಕರೆಂಟ್ ಕೊಡುವ ಪಿನ್ ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು. ಸಾಮಾನ್ಯವಾಗಿ ಪ್ರೋಬ್ (ಕಂಪ್ಯೂಟರ್‌ಗೂ ಚಿಪ್‌ಗೂ ನಡುವೆ ಕೂರುವ ಡಿಬಗ್ ಸಾಧನ) ಈ ಪಿನ್‌ನಿಂದ ನಿಮ್ಮ ಬೋರ್ಡ್ ಎಷ್ಟು ವೋಲ್ಟ್‌ನಲ್ಲಿದೆ ಎಂದು ಅಳೆಯುತ್ತದೆ. ಚಿಪ್ 1.8 ವೋಲ್ಟ್‌ನಲ್ಲಿದ್ದರೆ ಸಿಗ್ನಲ್‌ಗಳೂ ಅಷ್ಟೇ ಇರಬೇಕಲ್ವಾ? ಆದ್ದರಿಂದ ಚಿಪ್‌ನ ಸಪ್ಲೈಗೇ ಇದನ್ನು ಜೋಡಿಸಿ. ಕೆಲವು ಪ್ರೋಬ್‌ಗಳು ಮಾತ್ರ ಇದೇ ಪಿನ್‌ನಲ್ಲಿ 3.3 ವೋಲ್ಟ್ ಹೊರಗೆ ಕೊಡುತ್ತವೆ. ನಿಮ್ಮದು ಯಾವ ಬಗೆ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಎರಡು ಸಪ್ಲೈ ಒಂದಕ್ಕೊಂದು ತಾಗುತ್ತವೆ.

ಇನ್ನು ರಿಸೆಟ್. ಎಸ್‌ಟಿಎಂ32 ಎಂಬ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಪಿಎ13 (ಎಸ್‌ಡಬ್ಲ್ಯುಡಿಐಒ), ಪಿಎ14 (ಎಸ್‌ಡಬ್ಲ್ಯುಸಿಎಲ್‌ಕೆ) ಡಿಬಗ್ ಪಿನ್‌ಗಳು. ನನ್ನ ಒಂದು ಬೋರ್ಡ್‌ನಲ್ಲಿ ಪಿನ್ ಸಾಲದೆ, ಅವೆರಡಕ್ಕೂ ಎಲ್‌ಇಡಿ ಹಾಕಿದೆ. ಪ್ರೋಗ್ರಾಂ ಒಮ್ಮೆ ತುಂಬಿತು. ಆಮೇಲೆ ಪ್ರೋಬ್‌ಗೆ ಚಿಪ್ ಸಿಗಲೇ ಇಲ್ಲ. ಪವರ್ ಬಂದ ಕೂಡಲೇ ನನ್ನ ಕೋಡ್ ಓಡಿ, ಆ ಪಿನ್‌ಗಳನ್ನು ಸಾಮಾನ್ಯ ಔಟ್‌ಪುಟ್ ಮಾಡಿಬಿಡುತ್ತಿತ್ತು. ರಿಸೆಟ್ ತಂತಿ ಇದ್ದಿದ್ದರೆ ಪ್ರೋಬ್ ಚಿಪ್ಪನ್ನು ರಿಸೆಟ್‌ನಲ್ಲೇ ಹಿಡಿದು, ಮಾತು ಶುರು ಮಾಡಿ, ನನ್ನ ಕೋಡ್ ಓಡುವ ಮೊದಲೇ ಅದನ್ನು ನಿಲ್ಲಿಸುತ್ತಿತ್ತು. ಇದಕ್ಕೆ 'ಕನೆಕ್ಟ್ ಅಂಡರ್ ರಿಸೆಟ್' ಅನ್ನುತ್ತಾರೆ. ನಾನು ರಿಸೆಟ್ ಪಿನ್ ಪಕ್ಕದ 100 ನ್ಯಾನೋಫ್ಯಾರಡ್ ಕೆಪಾಸಿಟರ್‌ಗೆ ಕೂದಲಿನಂಥ ತಂತಿ ಬೆಸೆದು ಬೋರ್ಡ್ ಉಳಿಸಿಕೊಂಡೆ. ಅಂದಹಾಗೆ, ಕೋಡ್ ಶುರುವಾದ ತಕ್ಷಣ ಆಳವಾದ ಸ್ಲೀಪ್‌ಗೆ ಹೋದರೂ ಇದೇ ಪಾಡು.

ಆ ಎರಡು ಡಿಬಗ್ ಪಿನ್‌ಗೆ ಹೊರಗಿನಿಂದ ರೆಸಿಸ್ಟರ್ ಬೇಕಾಗಿಲ್ಲ. ರಿಸೆಟ್ ಆದಾಗ ಪಿಎ13ಕ್ಕೆ ಪುಲ್-ಅಪ್ (ಸಪ್ಲೈ ಕಡೆಗೆ ಎಳೆಯುವ ರೆಸಿಸ್ಟರ್), ಪಿಎ14ಕ್ಕೆ ಪುಲ್-ಡೌನ್ (ಗ್ರೌಂಡ್ ಕಡೆಗೆ ಎಳೆಯುವುದು) ಚಿಪ್ ಒಳಗೇ ಇರುತ್ತವೆ.

ಕನೆಕ್ಟರ್ ಯಾವುದು? ಜಾಗ ಕಡಿಮೆ ಇದ್ದರೆ 1.27 ಮಿಲಿಮೀಟರ್ ಅಂತರದ 10 ಪಿನ್ ಕಾರ್ಟೆಕ್ಸ್ ಕನೆಕ್ಟರ್ ಒಳ್ಳೆಯದು. 1 ವಿಟಿರೆಫ್, 2 ಎಸ್‌ಡಬ್ಲ್ಯುಡಿಐಒ, 4 ಎಸ್‌ಡಬ್ಲ್ಯುಸಿಎಲ್‌ಕೆ, 6 ಎಸ್‌ಡಬ್ಲ್ಯುಒ (ಚಿಪ್‌ನಿಂದ ಸಂದೇಶ ಹೊರಬರುವ ಐಚ್ಛಿಕ ತಂತಿ), 10 ರಿಸೆಟ್. 3, 5, 9 ಗ್ರೌಂಡ್‌ಗೆ. 7 ಕೀ, ಅಲ್ಲಿ ಪಿನ್ ಇರುವುದಿಲ್ಲ. 8 ಜೆಟ್ಯಾಗ್‌ಗೆ (ಹೆಚ್ಚು ತಂತಿ ಬೇಡುವ ಇನ್ನೊಂದು ಡಿಬಗ್ ಸಂಪರ್ಕ) ಮಾತ್ರ ಬೇಕು.

ಇಲ್ಲಿ ಜಾಸ್ತಿ ಜನ ಎಡವುವುದು ಸಂಖ್ಯೆಯಲ್ಲಿ. ಬೆಸ ಸಂಖ್ಯೆಗಳು ಒಂದು ಸಾಲು, ಸಮ ಸಂಖ್ಯೆಗಳು ಎದುರು ಸಾಲು. ಐಸಿಯ ಹಾಗೆ ಸುತ್ತಿಕೊಂಡು ಬರುವುದಿಲ್ಲ. ಮೇಲ್ಭಾಗಕ್ಕೆಂದು ಬಿಡಿಸಿದ ಕನೆಕ್ಟರನ್ನು ಕೆಳಭಾಗದಿಂದ ಬೆಸೆದರೆ ಸಾಲುಗಳು ಅದಲು ಬದಲಾಗುತ್ತವೆ. ಆಗ ವಿಟಿರೆಫ್ ಬರುವ ಕಡೆ ಡೇಟಾ, ಕ್ಲಾಕ್ ಬರುವ ಕಡೆ ಗ್ರೌಂಡ್. ಲೇಔಟನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಕೇಬಲ್ಲಿನ ಕೆಂಪು ಗೆರೆಯನ್ನು 1ನೇ ಪಿನ್‌ಗೆ ಇಟ್ಟು ನೋಡಿ.

ಬೋರ್ಡ್ ಬಂದ ಮೇಲೆ ಪ್ರೋಬ್ ಚುಚ್ಚುವ ಮೊದಲು, ಪವರ್ ಕೊಟ್ಟು 1ನೇ ಪಿನ್‌ನಲ್ಲಿ ಮೀಟರ್ ಇಡಿ. ವೋಲ್ಟೇಜ್ ಸರಿ ಇದ್ದೂ ಚಿಪ್ ಸಿಗದಿದ್ದರೆ ಕ್ಲಾಕ್ ವೇಗವನ್ನು 100 ಕಿಲೋಹರ್ಟ್ಸ್‌ಗೆ ಇಳಿಸಿ. ಆಗ ಸಿಕ್ಕರೆ ಮೊದಲು ಅನುಮಾನಿಸಬೇಕಾದದ್ದು ಉದ್ದದ ಕೇಬಲ್ ಅಥವಾ ಸಡಿಲ ಗ್ರೌಂಡ್.